ಅತ್ತೆಯ ಸಂಖ್ಯೆ: 18,49,769

ನನ್ನ ಸೋದರತ್ತೆಯ ಮನೆಯ ಕಪಾಟಿನಲ್ಲಿ, ಔಷಧದ ಡಬ್ಬಿಗೂ ಕನ್ನಡಕದ ಗೂಡಿಗೂ ನಡುವೆ, ಹದಿನಾರು ವರ್ಷಗಳಿಂದ ಒಂದು ನಂಬರಿಂಗ್ ಮಶೀನು ಕುಳಿತಿತ್ತು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಧೂಳು ಒರೆಸುವುದಾದರೂ ಅತ್ತೆಯೇ ಒರೆಸಬೇಕು. ಅದೂ ಕೋಳಿಮರಿಯನ್ನು ಎತ್ತಿದ ಹಾಗೆ ಎರಡೂ ಕೈಗಳಲ್ಲಿ ಎತ್ತಿ, ಹಿಡಿಯ ಮೇಲೆ ಭಾರ ಬೀಳದಂತೆ.

ಮಶೀನು ಎಂದರೆ ದೊಡ್ಡದೇನಲ್ಲ. ಗೇಣುದ್ದದ ಕಬ್ಬಿಣದ ಮೈ, ಮೇಲೊಂದು ಮರದ ಹಿಡಿ, ಕೆಳಗೆ ಪಕ್ಕಪಕ್ಕದಲ್ಲಿ ಏಳು ಉಕ್ಕಿನ ಚಕ್ರಗಳು, ಪ್ರತಿ ಚಕ್ರದ ಅಂಚಿನಲ್ಲೂ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗಳು. ಹಿಡಿಯನ್ನು ಒತ್ತಿದರೆ ಕಾಗದದ ಮೇಲೆ ಸಂಖ್ಯೆ ಮೂಡುತ್ತದೆ. ಕೈ ಸಡಿಲಿಸಿದರೆ ಟಕ್ಕೆಂದು ಚಕ್ರ ಒಂದು ಹಲ್ಲು ಸರಿದು ಮುಂದಿನ ಸಂಖ್ಯೆ ಬಂದು ನಿಲ್ಲುತ್ತದೆ. ಪಕ್ಕದಲ್ಲೊಂದು ಸಣ್ಣ ಮುಳ್ಳಿದೆ. ಅದನ್ನು ಎರಡರ ಗುರುತಿಗೆ ತಿರುಗಿಸಿಟ್ಟರೆ ಒಂದೇ ಸಂಖ್ಯೆ ಎರಡು ಸಲ ಮೂಡಿದ ಮೇಲೆಯೇ ಚಕ್ರ ಸರಿಯುವುದು: ಹರಿದು ಕೊಡುವ ಚೀಟಿಗೆ ಒಂದು, ಪುಸ್ತಕದಲ್ಲೇ ಉಳಿಯುವ ಅದರ ಬುಡಕ್ಕೆ ಒಂದು. ಅಚ್ಚುಕೂಟದ ಬೈಂಡಿಂಗ್ ಕೋಣೆಯಲ್ಲಿ ಮೂವತ್ತು ವರ್ಷ ಅತ್ತೆ ಮಾಡಿದ ಕೆಲಸ ಇದೇ. ಪರೀಕ್ಷೆಯ ಉತ್ತರಪತ್ರಿಕೆ, ಗ್ರಂಥಾಲಯದ ಕಾರ್ಡು, ಆಸ್ಪತ್ರೆಯ ಹೊರರೋಗಿ ಚೀಟಿ, ಎಲ್ಲದಕ್ಕೂ ಅವರ ಕೈಯಿಂದಲೇ ಸಂಖ್ಯೆ ಬೀಳಬೇಕು. ಅವರ ಬಲ ಅಂಗೈಯ ನಡುವೆ ಇಂದಿಗೂ ಒಂದು ಗುಂಡನೆಯ ಜಡ್ಡಿದೆ. ಚಿಕ್ಕಂದಿನಲ್ಲಿ ನಾನು ಅದನ್ನು ಬೆರಳಿನಿಂದ ಒತ್ತಿ, 'ಟಕ್' ಎನ್ನುತ್ತಿದ್ದೆ. ಅವರು ಕೂಡಲೇ ಬಾಯಿಗೆ ಬಂದ ಒಂದು ಸಂಖ್ಯೆ ಹೇಳಬೇಕು. ಅದು ನಮ್ಮಿಬ್ಬರ ಆಟ.

ಕೈಯಿಂದ ಸಂಖ್ಯೆ ಹಾಕುವ ಕಾಲ ಮುಗಿದ ದಿನ ಅವರು ಹೊರರೋಗಿ ಚೀಟಿಗಳಿಗೆ ಸಂಖ್ಯೆ ಒತ್ತುತ್ತಿದ್ದರು. ಹದಿನೆಂಟೂವರೆ ಲಕ್ಷದವರೆಗೆ ಹೋಗಬೇಕಾಗಿತ್ತು. ಇನ್ನೂ 231 ಉಳಿದಿರುವಾಗ ಅಚ್ಚುಕೂಟದ ಯಜಮಾನರು ಬಾಗಿಲಲ್ಲಿ ನಿಂತು, "ಸಾಕು ಬಿಡಿ ಅಕ್ಕಾ, ಆಸ್ಪತ್ರೆಯವರು ನಾಳೆಯಿಂದ ಕಂಪ್ಯೂಟರಲ್ಲೇ ನಂಬರ್ ಹಾಕ್ಕೋತಾರಂತೆ," ಎಂದರು. ಅತ್ತೆ ಆಗಷ್ಟೇ ಒಂದು ಚೀಟಿಯ ಮೇಲೆ 1849769 ಎಂದು ಒತ್ತಿದ್ದರು. ಅದರ ಬುಡಕ್ಕೆ ಇನ್ನೂ ಒತ್ತಿರಲಿಲ್ಲ.

"ಇನ್ನೊಂದು ಒತ್ತು ಬಾಕಿ ಇದೆ," ಎಂದರಂತೆ ಅತ್ತೆ.

"ಇರಲಿ ಬಿಡಿ. ಮಶೀನ್ ನೀವೇ ಇಟ್ಕೊಳ್ಳಿ, ನನಗಿನ್ನು ಯಾಕೆ?"

ಹೀಗೆ ಆ ಸಂಖ್ಯೆ, ಬಾಕಿ ಉಳಿದ ಒಂದು ಒತ್ತಿನ ಸಮೇತ, ಚಕ್ರಗಳಲ್ಲಿ ಸಿಕ್ಕಿಕೊಂಡು ಮನೆಗೆ ಬಂತು.

ಮಾವನವರ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಅವರು ಅದೇ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಸಾಲು ಮಾಡುವ ಆ ಕೆಲಸದಲ್ಲಿ ಅವರಷ್ಟು ಶುದ್ಧವಾದ ಕೈ ಸುತ್ತಮುತ್ತ ಇರಲಿಲ್ಲವಂತೆ. ಅವರು ಜೋಡಿಸಿದ ಪುಟದ ಮೊದಲ ಪ್ರೂಫಿನಲ್ಲಿ ತಿದ್ದುವವರು ಪೆನ್ನಿನ ಮುಚ್ಚಳ ತೆಗೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಆದ್ದರಿಂದ ಎಲ್ಲರೂ ಅವರನ್ನು 'ಕ್ಲೀನ್‌ಪ್ರೂಫ್' ಎಂದೇ ಕರೆಯುತ್ತಿದ್ದರು. ನಮ್ಮ ಮನೆಯಲ್ಲೂ ಅವರು ಕ್ಲೀನ್‌ಪ್ರೂಫ್ ಮಾವ. ತಪ್ಪು ಮಾಡದ ಮನುಷ್ಯನಿಗೆ ಸಹಜವಾಗಿ ಬರುವ ಬಿಗಿ ಅವರಲ್ಲಿ ಇರಲಿಲ್ಲ. ಕಡಿಮೆ ಮಾತು, ಮೆಲ್ಲಗಿನ ನಗು, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಕಪ್ಪು.

ಬೈಂಡಿಂಗ್ ಕೋಣೆಗೆ ಹೋಗುವ ಮುಂಚೆ ಎರಡು ವರ್ಷ ಅತ್ತೆ ಅಲ್ಲಿ ಓದುವ ಕೆಲಸ ಮಾಡಿದ್ದರು. ಹಸ್ತಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಟ್ಟು ನೋಡುತ್ತ ಹೋಗಬೇಕು. ಸಣ್ಣ ಅಚ್ಚುಕೂಟವಾದ್ದರಿಂದ ಅಂಕಿಯ ಪಟ್ಟಿಗಳನ್ನು ಜೋಡಿಸಿದವರೇ ಬೆರಳಿಡುತ್ತಿದ್ದರು. ಓದುವವರು ಚಿಹ್ನೆಗಳನ್ನೂ ಬಿಡುವಂತಿಲ್ಲ. ಆ ಅಭ್ಯಾಸ ಅತ್ತೆಯನ್ನು ಇಂದಿಗೂ ಬಿಟ್ಟಿಲ್ಲ. ಮಾತ್ರೆಯ ಹಾಳೆಯನ್ನು ಕೈಗೆ ಕೊಟ್ಟರೆ, "ಮಕ್ಕಳ ಕೈಗೆ ಸಿಗದಂತೆ ಇಡಿ, ಪೂರ್ಣವಿರಾಮ. ತಂಪಾದ, ಅಲ್ಪವಿರಾಮ, ಒಣಗಿದ ಜಾಗದಲ್ಲಿ ಇಡಿ, ಪೂರ್ಣವಿರಾಮ," ಎಂದು ಓದುತ್ತಾರೆ. ನನಗೆ ಮದುವೆ ನಿಶ್ಚಯವಾದಾಗ ಹುಡುಗನ ಮನೆಯವರು ಬರೆದ ಪತ್ರವನ್ನು ಅವರು ಎಲ್ಲರೆದುರು ಹೀಗೆಯೇ ಓದಿ, ಕೊನೆಗೆ "ಆಶ್ಚರ್ಯಸೂಚಕ ಎರಡು ಸಲ ಹಾಕಿದ್ದಾರೆ, ಒಂದು ಸಾಕಿತ್ತು," ಎಂದಿದ್ದರು.

ಸಂಖ್ಯೆ ಮನೆಗೆ ಬಂದ ವಾರವೇ ಅತ್ತೆಗೆ ಅದರ ಕುಲಗೋತ್ರ ತಿಳಿಯುವ ಆಸೆ ಹುಟ್ಟಿತು. ಮೂವತ್ತು ವರ್ಷ ಲಕ್ಷಗಟ್ಟಲೆ ಸಂಖ್ಯೆಗಳು ಕೈಕೆಳಗೆ ಹಾದುಹೋಗಿದ್ದವು. ಒಂದನ್ನಾದರೂ ನಿಲ್ಲಿಸಿ ಮಾತಾಡಿಸಲು ಪುರುಸೊತ್ತಿರಲಿಲ್ಲ. ಅವರ ಬಳಿ ಇದ್ದ ಸಾಧನ ಒಂದೇ: ಮಾವ ಜೋಡಿಸಿದ, ಶಾಲೆಗಳಲ್ಲಿ ಬಳಸುತ್ತಿದ್ದ ನಲವತ್ತು ಪುಟದ ಮಗ್ಗಿ ಪುಸ್ತಕ. ಅದರ ಕೊನೆಯಲ್ಲಿ ಮೂರು ಸಾವಿರದವರೆಗಿನ ಅವಿಭಾಜ್ಯ ಸಂಖ್ಯೆಗಳ ಪಟ್ಟಿಯೂ, ಕಟ್ಟಕಡೆಯ ಪುಟದಲ್ಲಿ ಸಂಖ್ಯೆಗಳ ಜಾತಿಗಳನ್ನು ವಿವರಿಸುವ ಟಿಪ್ಪಣಿಯೂ ಇದ್ದವು. ಒಂದರಿಂದ ಮತ್ತು ತನ್ನಿಂದ ಮಾತ್ರ ಶೇಷವಿಲ್ಲದೆ ಭಾಗವಾಗುವುದು ಅವಿಭಾಜ್ಯ. ತನ್ನನ್ನು ಬಿಟ್ಟು ಉಳಿದ ಅಪವರ್ತನಗಳನ್ನು ಕೂಡಿದಾಗ ತನಗಿಂತ ಕಡಿಮೆ ಬಂದರೆ ನ್ಯೂನ, ಹೆಚ್ಚು ಬಂದರೆ ಸಮೃದ್ಧ, ಸರಿಯಾಗಿ ಬಂದರೆ ಪರಿಪೂರ್ಣ.

ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ನೋಡಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಅತ್ತೆ ಹಳೆಯ ಕ್ರಮದಲ್ಲಿ ವರ್ಗಮೂಲ ತೆಗೆದರು. 1360 ಬಂತು, ಶೇಷ 169 ಉಳಿಯಿತು. 169 ಎಂದರೆ ಹದಿಮೂರರ ವರ್ಗ. ಅಂದರೆ ಅವರ ಸಂಖ್ಯೆ ಎರಡು ವರ್ಗಗಳ ಮೊತ್ತ: 1360ರದು ಒಂದು, 13ರದು ಒಂದು. ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯಗಳಿಗೆಲ್ಲ ಇಂಥ ಒಂದು ಜೋಡಿ, ಒಂದೇ ಒಂದು ಜೋಡಿ, ಇರುತ್ತದೆ ಎಂದು ಟಿಪ್ಪಣಿಯಲ್ಲಿತ್ತು. ಅವರ ಸಂಖ್ಯೆಗೂ ನಾಲ್ಕರಿಂದ ಒಂದು ಉಳಿಯುತ್ತಿತ್ತು. ಅತ್ತೆ ಇದನ್ನು ಶುಭಸೂಚನೆ ಎಂದುಕೊಂಡರು.

ಆ ಮೇಲೆ ಭಾಗಾಕಾರ ಶುರುವಾಯಿತು. ದಿನಕ್ಕೆ ಐದರಂತೆ, ಸಂಜೆ ಟೀ ಕುಡಿದ ಮೇಲೆ, ನಲವತ್ತೆರಡು ದಿನ. ಅತ್ತೆ ಭಾಗಿಸುವುದು, ಮಾವ ಗುಣಿಸಿ ತಾಳೆ ನೋಡುವುದು. ಗೆರೆ ಎಳೆದ ಒಂದು ನೋಟುಬುಕ್ಕಿನಲ್ಲಿ ಎಡಕ್ಕೆ ಭಾಜಕ, ಬಲಕ್ಕೆ ಶೇಷ. ಆಗ ನಾನು ಅವರ ಮನೆಗೆ ಹೋದಾಗ ಈ ಮಾತು ನಡೆದಿತ್ತು, ದಿನಚರಿಯಲ್ಲಿ ಬರೆದಿಟ್ಟಿದ್ದೇನೆ.

"ಏನ್ರೀ, ಇದು ವಿಚಿತ್ರವಾಗಿದೆ. ಹದಿಮೂರಕ್ಕೆ ಹನ್ನೆರಡು ಉಳೀತು, ಹದಿನೇಳಕ್ಕೆ ಹದಿನಾರು ಉಳೀತು, ಮೂವತ್ತೊಂದಕ್ಕೆ ಮೂವತ್ತು. ಎಲ್ಲ ಒಂದರಲ್ಲಿ ತಪ್ಪಿಹೋಗ್ತಿದೆ," ಎಂದರು ಅತ್ತೆ.

"ಹಾಗಾದ್ರೆ ಒಂದು ಕೂಡಿಸಿ ಪಕ್ಕದ ಮನೆ ನೋಡು."

ಪಕ್ಕದ ಸಂಖ್ಯೆ 18,49,770. ಅತ್ತೆ ಅದನ್ನು ಒಡೆದರು. ಎರಡು, ಮೂರು ಸಲ ಮೂರು, ಐದು, ಹದಿಮೂರು, ಹದಿನೇಳು, ಮೂವತ್ತೊಂದು. ಅಪವರ್ತನಗಳನ್ನು ಎಣಿಸಿದರೆ ನೂರಿಪ್ಪತ್ತೆಂಟು. ಅದು ಸಮೃದ್ಧ ಸಂಖ್ಯೆ. ಅಪವರ್ತನಗಳ ಮೊತ್ತ ಅದರ ಎರಡು ಪಟ್ಟನ್ನೂ ಮೀರುತ್ತದೆ.

"ಅಬ್ಬಾ, ಪಕ್ಕದ ಮನೇಲಿ ನೂರಿಪ್ಪತ್ತೆಂಟು ಜನ ಕಣ್ರೀ!"

"ನಮ್ಮನೇಲಿ?"

"ಸದ್ಯಕ್ಕೆ ಎರಡೇ. ಒಂದು, ಮತ್ತೆ ತಾನು."

"ಒಳ್ಳೇದಾಯ್ತು. ಅಡುಗೆ ಬೇಗ ಮುಗಿಯುತ್ತೆ," ಎಂದರು ಮಾವ, ಕಾಗದದಿಂದ ಕಣ್ಣೆತ್ತದೆ.

ನಲವತ್ತೆರಡನೆಯ ದಿನ 1327ರಿಂದ ಭಾಗಿಸಿದಾಗ 1258 ಉಳಿಯಿತು. ಪಟ್ಟಿಯಲ್ಲಿ ಮುಂದಿನದು 1361, ಮಿತಿಯನ್ನು ದಾಟಿತ್ತು. ಇನ್ನೂರ ಏಳು ಭಾಗಾಕಾರಗಳಲ್ಲಿ ಒಂದೂ ಶೇಷವಿಲ್ಲದೆ ಮುಗಿದಿರಲಿಲ್ಲ. ಮಾವ ಪೆನ್ನಿಗೆ ಮುಚ್ಚಳ ಹಾಕಿ, "ಸರಿ, ಇದು ಯಾರಿಗೂ ಬಗ್ಗೋದಲ್ಲ. ನಿನ್ನ ಹಾಗೇ," ಎಂದರಂತೆ. ಅತ್ತೆ ನೋಟುಬುಕ್ಕಿನ ಕೊನೆಯಲ್ಲಿ 'ಅವಿಭಾಜ್ಯ' ಎಂದು ಬರೆದು ಎರಡು ಗೆರೆ ಎಳೆದರು. ನಾಲ್ಕು ವರ್ಷದ ಹಿಂದೆ ಮಾವ ತೀರಿಕೊಂಡರು. ಅವರು ಅತ್ತೆಗೆ ಬಿಟ್ಟುಹೋದ ವಸ್ತುಗಳಲ್ಲಿ ಆ ಎರಡು ಗೆರೆಗಳನ್ನೂ ನಾನು ಲೆಕ್ಕಕ್ಕೆ ಹಿಡಿಯುತ್ತೇನೆ.

ಈ ವರ್ಷ ನಮ್ಮ ಬೀದಿಯ ಶಾಲೆಯಲ್ಲಿ ಗಣಿತಕ್ಕೆಂದೇ ಒಂದು ಕೋಣೆ ಮಾಡಿದರು. ಅಲ್ಲಿಯ ಹೆಡ್‌ಮಿಸ್ ಅದೇ ಮಗ್ಗಿ ಪುಸ್ತಕದಲ್ಲಿ ಲೆಕ್ಕ ಕಲಿತವರು. ಅತ್ತೆಯ ಸಂಖ್ಯೆಯ ವಿಷಯ ಯಾರಿಂದಲೋ ತಿಳಿದು, ತಾವೇ ಮನೆಗೆ ಬಂದರು.

"ಕೋಣೆ ಬಾಗಿಲ ಮೇಲೆ ಮೊದಲ್ನೇದಾಗಿ ನಿಮ್ಮ ಸಂಖ್ಯೇನೇ ಇರಬೇಕು ಅಮ್ಮಾ. ಶುಕ್ರವಾರ ನೀವೇ ಬಂದು ಹಾಕಿ, ಮಕ್ಕಳಿಗೆ ನಾಲ್ಕು ಮಾತು ಹೇಳಿ. ನಿಮ್ಮ ಯಜಮಾನರು ಜೋಡಿಸಿದ ಪುಸ್ತಕದಿಂದಲೇ ಕಂಡುಹಿಡಿದ ಅವಿಭಾಜ್ಯ ಅಂದ್ರೆ ಅದಕ್ಕಿಂತ ಬೇರೇನು ಬೇಕು?"

ಅತ್ತೆ, "ಅದಕ್ಕೇನು," ಎಂದಷ್ಟೇ ಹೇಳಿದರು. ಹೆಡ್‌ಮಿಸ್ ಹೋದ ಮೇಲೆ ಪೆಟ್ಟಿಗೆಯಿಂದ ತಮ್ಮ ಒಳ್ಳೆಯ ಸೀರೆ ತೆಗೆದು, ಮಡಿಕೆ ಬಿಡಿಸಿ, ಬಾಗಿಲಿಗೆ ತೂಗುಹಾಕಿದರು. ಆಗಿನ್ನೂ ಸೋಮವಾರ.

ನಾನು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಪದವಿಗೆ ಗಣಿತ ಓದಿದ್ದೆ. ಸಂಖ್ಯೆಯ ಕೆಳಗೆ ತೂಗುಹಾಕಲು ಐದು ಸಾಲಿನ ಪರಿಚಯ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಸಾಲು ಸುಲಭವಾಗಿ ಬಂದವು. ಅವಿಭಾಜ್ಯ; ಎರಡು ವರ್ಗಗಳ ಮೊತ್ತ; ಅಂಕಿಗಳನ್ನು ಕೂಡಿದರೆ 44; ಒಂದು ಕೂಡಿಸಿದರೆ ನೂರಿಪ್ಪತ್ತೆಂಟು ಜನರ ಸಂಸಾರ. ಐದನೆಯದಕ್ಕೆ ಏನು ಬರೆಯುವುದೆಂದು ಮಂಗಳವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಯೋಚಿಸುತ್ತ ಕುಳಿತಿದ್ದೆ. ಮೊತ್ತ ಆಯಿತು, ವರ್ಗಗಳ ವ್ಯತ್ಯಾಸವಾಗಿಯೂ ಬರೆಯೋಣ ಎನ್ನಿಸಿತು. ಅವಿಭಾಜ್ಯವನ್ನು ಹಾಗೆ ಬರೆಯಲು ಒಂದೇ ದಾರಿ ಇರುತ್ತದೆ. ಅದರಲ್ಲಿ ಎರಡು ದೊಡ್ಡ ದೊಡ್ಡ ವರ್ಗಗಳು ಬರುತ್ತವೆ, ಮಕ್ಕಳಿಗೆ ಖುಷಿಯಾಗುತ್ತದೆ. ಅದಕ್ಕೆ ಮೊದಲು, ಕೈ ಸುಮ್ಮನಿರದೆ, ಸಣ್ಣ ವರ್ಗಗಳಿಂದ ಪ್ರಯತ್ನ ಮಾಡಿದೆ.

1361ರ ವರ್ಗದಿಂದ ಅತ್ತೆಯ ಸಂಖ್ಯೆಯನ್ನು ಕಳೆದೆ: 2552. ಅದು ಯಾವುದರ ವರ್ಗವೂ ಅಲ್ಲ. 1362ರಿಂದ 5275, ಅಲ್ಲ. 1363ರಿಂದ ಸರಿಯಾಗಿ 8000, ಅದೂ ಅಲ್ಲ. 1364ರಿಂದ 10727, ಅಲ್ಲ. 1365ರಿಂದ 13456.

13456 ಎಂದರೆ 116ರ ವರ್ಗ.

ಒಂದು ಸಂಖ್ಯೆ ಆ ಒಂದೇ ದಾರಿಯನ್ನು ಬಿಟ್ಟು ಬೇರೆ ಎರಡು ವರ್ಗಗಳ ನಡುವಿನ ಅಂತರವಾಗಿಯೂ ಸಿಕ್ಕಿಬಿದ್ದರೆ ಅದು ಒಡೆಯುತ್ತದೆ. 1365ರಿಂದ 116 ಕಳೆದರೆ 1249, ಕೂಡಿದರೆ 1481. ಎರಡನ್ನೂ ಗುಣಿಸಿದೆ. 18,49,769. ಮೂರು ಸಲ ಗುಣಿಸಿದೆ. ಪಕ್ಕದ ಮೇಜಿನವರು, "ಯಾಕ್ರೀ, ಮೈ ಹುಷಾರಿಲ್ವಾ?" ಎಂದು ಕೇಳಿದರು.

ಸಂಜೆ ಅತ್ತೆಯ ಮನೆಗೆ ಹೋಗಿ, ಅವರು ಹಾಲು ತರಲು ಹೊರಟಾಗ ನೋಟುಬುಕ್ಕನ್ನು ತೆರೆದೆ. 1223, ಶೇಷ 593. ಅದರ ಕೆಳಗೆ 1297, ಶೇಷ 247. ನಡುವೆ 1249 ಇಲ್ಲ. 1229 ಇಲ್ಲ, 1231 ಇಲ್ಲ, ಒಟ್ಟು ಹತ್ತು ಇಲ್ಲ. ಮಗ್ಗಿ ಪುಸ್ತಕ ನೋಡಿದೆ. ಮೂವತ್ತೆಂಟನೆಯ ಪುಟದಲ್ಲಿ ಸಾಲಿಗೆ ಹತ್ತರಂತೆ ಸಂಖ್ಯೆಗಳು; 1223ಕ್ಕೆ ಒಂದು ಸಾಲು ಮುಗಿದು ಮುಂದಿನ ಸಾಲು 1297ರಿಂದ ಶುರುವಾಗುತ್ತದೆ. ಮೂರು ಸಾವಿರದೊಳಗೆ 430 ಅವಿಭಾಜ್ಯಗಳಿವೆ. ಎಣಿಸಿದೆ. ಪುಸ್ತಕದಲ್ಲಿ 420 ಇದ್ದವು. ಹಸ್ತಪ್ರತಿಯಲ್ಲಿ ಹನ್ನೆರಡು ಎಂದು ಶುರುವಾಗುವ ಎರಡು ಸಾಲುಗಳು ಒಂದರ ಕೆಳಗೊಂದು ಇದ್ದಿರಬೇಕು, 1229ರದು ಮತ್ತು 1297ರದು. ಮೊದಲನೆಯದರ ಬದಲು ಎರಡನೆಯದರ ಮೇಲೆ ಮಾವನ ಕಣ್ಣು ಬಿದ್ದಿದೆ. ಅಷ್ಟೇ. ಜೊತೆಯ 1481 ಅದೇ ಪುಟದಲ್ಲಿ, ಎರಡು ಸಾಲು ಕೆಳಗೆ, ಅಚ್ಚುಕಟ್ಟಾಗಿ ಅಚ್ಚಾಗಿ ಕುಳಿತಿತ್ತು. ಆದರೆ ಅತ್ತೆ ನಿಯಮದಂತೆ 1360ಕ್ಕೆ ನಿಂತಿದ್ದರು.

ಹೇಳಬೇಕೋ ಬೇಡವೋ ಎಂದು ನಾನು ಯೋಚಿಸಿದ್ದು ಸ್ವಲ್ಪ ಹೊತ್ತಲ್ಲ. ಸಂಖ್ಯೆ ಹೋದರೆ ಹೋಗಲಿ; ಜೊತೆಗೆ ಹೋಗುವುದು ಕ್ಲೀನ್‌ಪ್ರೂಫ್ ಎಂಬ ಹೆಸರು. ಬಾಗಿಲಿಗೆ ತೂಗುಹಾಕಿದ್ದ ಸೀರೆ ಬೇರೆ ಕಣ್ಣಿಗೆ ಬೀಳುತ್ತಿತ್ತು. ಬುಧವಾರ ಬೆಳಿಗ್ಗೆ ಅತ್ತೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಾಗ ಎದುರಿಗೆ ಕುಳಿತು ನಾನೂ ಒಂದು ಹಿಡಿ ತೆಗೆದುಕೊಂಡೆ.

"ಅತ್ತೆ, ನೀವು 1249ರಿಂದ ಭಾಗಿಸಿದ್ರಾ?"

"ಪಟ್ಟೀಲಿದ್ದಿದ್ರೆ ಭಾಗಿಸಿರ್ತೀನಿ."

"ಪಟ್ಟೀಲಿಲ್ಲ."

ಅವರ ಕೈ ನಿಂತಿತು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು, "ಮೂವತ್ತೆಂಟನೇ ಪುಟಾನಾ?"

"ನಿಮಗೆ ಹೇಗೆ ಗೊತ್ತು?"

ಅತ್ತೆ ಮೊರವನ್ನು ಪಕ್ಕಕ್ಕಿಟ್ಟರು. ನಾನು ಹೇಳಿದ ಎರಡು ಸಂಖ್ಯೆಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾವೇ ಗುಣಿಸಿದರು. ಕೊನೆಯ ಅಂಕಿ ಬರೆದು ಪೆನ್ಸಿಲನ್ನು ಕೆಳಗಿಟ್ಟರು.

"ಆ ಪುಟ ನಾವು ಓದ್ಲೇ ಇಲ್ಲ ಕಣೆ," ಎಂದರು ಆಮೇಲೆ. "ನಲವತ್ತು ಪುಟದಲ್ಲಿ ಅದೊಂದೇ. ಕೊನೇ ಎರಡು ಪುಟ ಹಿಂದಿನ ದಿನವೇ ಓದಿಯಾಗಿತ್ತು. ಮೂವತ್ತೇಳು ಓದಿ ಮುಗಿಸಿದ್ವಿ. ನಿಮ್ಮ ಮಾವ ಬೆರಳು ಎತ್ತಲಿಲ್ಲ. 'ನಾಳೆಯಿಂದ ನಿಮ್ಮನ್ನ ಬೈಂಡಿಂಗಿಗೆ ಹಾಕ್ತಾರಂತೆ,' ಅಂದ್ರು. 'ಗೊತ್ತು, ಮುಂದಿನ ಪುಟ ತೆಗೀರಿ,' ಅಂದೆ ನಾನು. ತೆಗೀಲಿಲ್ಲ. 'ಹಾಗಾದ್ರೆ ಇನ್ಮೇಲೆ ನನಗೆ ಯಾರು ಓದಿ ಹೇಳ್ತಾರೆ?' ಅಂದ್ರು."

"ನೀವೇನಂದ್ರಿ?"

"ನನ್ನ ಬಾಯಿ ನೋಡು, 'ಮನೇಲಿ ಓದ್ತೀನಿ ಬಿಡಿ,' ಅಂದುಬಿಟ್ಟೆ. ಯಾರ ಮನೆ, ಏನು ಕಥೆ, ಒಂದೂ ಯೋಚನೆ ಮಾಡಿರ್ಲಿಲ್ಲ. ಅಂದ್ಮೇಲೆ ಇಬ್ಬರಿಗೂ ಕೈಕಾಲು ಆಡಲಿಲ್ಲ. ಆ ಹೊತ್ತಿಗೆ ಅಚ್ಚುಕೂಟದ ಯಜಮಾನರು ಒಳಗೆ ಬಂದು, 'ಆಯ್ತಾ?' ಅಂದ್ರು. 'ಆಯ್ತು' ಅಂದು ನಿಮ್ಮ ಮಾವ ಮೂವತ್ತೆಂಟರ ಮೇಲೆ 'ಓದಿದೆ' ಅಂತ ಬರೆದು ಸಹಿ ಹಾಕಿದ್ರು. ಕೆಳಗೆ ನಾನೂ ಹಾಕಿದೆ. ಆ ಅಚ್ಚನ್ನ ಬಿಚ್ಚದೆ ಇಟ್ಕೊಂಡು ಇಪ್ಪತ್ತು ವರ್ಷ ಅದರಿಂದಲೇ ಪುಸ್ತಕ ತೆಗೆದ್ರು. ಒಬ್ಬ ಮೇಷ್ಟರೂ ತಪ್ಪಿದೆ ಅಂತ ಬರೀಲಿಲ್ಲ. ಅವರ ಕೈ ಅಲ್ವಾ, ತಪ್ಪಿರಲ್ಲ ಅಂತ ನಾನೂ ಸುಮ್ಮನಾದೆ."

ಮನೆಯಲ್ಲಿ ಓದುತ್ತೇನೆಂದ ಮಾತನ್ನು ಅವರು ನಡೆಸಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಲವತ್ತೆರಡು ವರ್ಷ, ದಿನವೂ ಬೆಳಿಗ್ಗೆ, ಪೇಪರನ್ನು ಪೂರ್ಣವಿರಾಮ ಸಮೇತ.

"ಎರಡು ಅವಿಭಾಜ್ಯ ಅಪವರ್ತನ, ನೀವಿಬ್ಬರು. ಒಂದು ಥರ ಚೆನ್ನಾಗೇ ಇದೆಯಲ್ಲ ಅತ್ತೆ," ಎಂದೆ, ಸಮಾಧಾನ ಮಾಡುವ ಆತುರದಲ್ಲಿ.

"ಕವಿತೆ ಕಟ್ಟಬೇಡ. ತಪ್ಪು ತಪ್ಪೇ," ಎಂದರು ಅತ್ತೆ. ಎದ್ದು ಹೋಗಿ ಸೀರೆಯನ್ನು ಮಡಿಸಿದರು. "ಹೆಡ್‌ಮಿಸ್‌ಗೆ ಫೋನ್ ಮಾಡಿ ನನಗೆ ಜ್ವರ ಅಂತ ಹೇಳು. ಅಷ್ಟು ಜನರ ಮುಂದೆ ನಿಂತು ಅವರ ಕೈ ತಪ್ಪಿತ್ತು ಅಂತ ನಾನು ಹೇಳಲ್ಲ."

"ಹೇಳೋದೇ ಬೇಡ. ಯಾರು ಭಾಗಿಸಿ ನೋಡ್ತಾರೆ?"

"ಮಕ್ಕಳು ನೋಡ್ತಾರೆ. ಅವಕ್ಕೆ ಬೇರೇನು ಕೆಲಸ?"

ನಾನು ಫೋನ್ ಮಾಡಲಿಲ್ಲ. ಗುರುವಾರ ಮಧ್ಯಾಹ್ನ ಅತ್ತೆಯೇ ನನಗೆ ಫೋನ್ ಮಾಡಿದರು. "ನಿಮ್ಮ ಲೈಬ್ರರೀಲಿ ರದ್ದಿ ಕಾಗದ ಇದ್ರೆ ಒಂದು ಹಿಡಿ ತಾ. ಒಂದೆರಡು ಒಳ್ಳೇ ರಟ್ಟು. ಬರ್ತಾ ದಾರೀಲಿ ನಂಬರಿಂಗ್ ಶಾಯಿ, ನೀಲಿ ಬೇಡ, ಕಪ್ಪು."

ಹೋದಾಗ ಮಶೀನು ಕಪಾಟಿನಿಂದ ಇಳಿದು ಮೇಜಿನ ಮೇಲಿತ್ತು. ಅತ್ತೆ ಎಣ್ಣೆ ಬಿಟ್ಟು, ಒಣಗಿ ಮರದ ತೊಗಟೆಯಂತಾಗಿದ್ದ ಶಾಯಿಬಟ್ಟೆಯನ್ನು ತೆಗೆದು ಹೊಸದನ್ನು ಹಾಕಿದ್ದರು. ನಾನು ತಂದ ಶಾಯಿಯನ್ನು ಹನಿಹನಿಯಾಗಿ ಅದಕ್ಕೆ ಕುಡಿಸಿದರು.

"ಒತ್ತಿದ್ರೆ ಸಂಖ್ಯೆ ಹೋಗುತ್ತೆ ಅತ್ತೆ," ಎಂದೆ.

"ಹೋಗ್ಲಿ. ಒಂದು ಒತ್ತು ಬಾಕಿ ಇದೆಯಲ್ಲ."

ರಟ್ಟಿನ ನಡುವೆ ಮಶೀನನ್ನು ಇಟ್ಟು, ಅಂಗೈಯ ಜಡ್ಡನ್ನು ಹಿಡಿಯ ಮೇಲೆ ಕೂರಿಸಿ, ಒಮ್ಮೆ ಒತ್ತಿದರು. ಹದಿನಾರು ವರ್ಷದ ಹಿಂದಿನ ಚೀಟಿಯ ಜೋಡಿ ಕೊನೆಗೂ ಮೂಡಿತು. ಟಕ್ಕೆಂದು ಸದ್ದಾಗಿ ಚಕ್ರ 1849770ಕ್ಕೆ ಸರಿಯಿತು. ಅತ್ತೆ ಬಗ್ಗಿ ನೋಡಿ, "ಬಂದ್ರು ನೋಡು ಪಕ್ಕದ ಮನೆಯೋರೆಲ್ಲ," ಎಂದರು. ಆಮೇಲೆ ಒಂದು ಕಡ್ಡಿಯಿಂದ ಚಕ್ರಗಳನ್ನು ಒಂದೊಂದಾಗಿ ತಿರುಗಿಸಿ 0001229ಕ್ಕೆ ತಂದು, ಮುಳ್ಳನ್ನು ಒಂದರ ಗುರುತಿಗೆ ಸರಿಸಿದರು.

ಆಗ ಅವರ ಉಪಾಯ ನನಗೆ ಅರ್ಥವಾಯಿತು. ಮಶೀನಿಗೆ ಹಾರಿ ಹೋಗುವುದು ಗೊತ್ತಿಲ್ಲ. ಪ್ರತಿ ಸಂಖ್ಯೆಯನ್ನೂ ಎಲ್ಲೋ ಒಂದು ಕಡೆ ಒತ್ತಲೇಬೇಕು. 1229ರಿಂದ 1291ರವರೆಗೆ ಅರವತ್ತಮೂರು ಒತ್ತುಗಳು. ಹತ್ತು ಅವಿಭಾಜ್ಯಗಳು ಸಣ್ಣ ಒಳ್ಳೆಯ ಕಾಗದದ ಪಟ್ಟಿಯ ಮೇಲೆ, ಉಳಿದ ಐವತ್ತಮೂರು ರದ್ದಿಯ ಮೇಲೆ. ಎಲ್ಲಿ ಒತ್ತಬೇಕೆಂದು ನಾನು ಹೇಳಬೇಕು.

"ಪಟ್ಟಿಗೆ," ಎಂದೆ. ಟಕ್. "ರದ್ದಿಗೆ." ಟಕ್. "ಪಟ್ಟಿಗೆ."

"ಒಂದು ಬಿಟ್ಟು ಒಂದು. ಅವಳಿ," ಎಂದರು ಅತ್ತೆ.

ಅವರ ಕೈಗೆ ಹಳೆಯ ಲಯ ಬಂದಿತ್ತು. ನನ್ನ ಬಾಯಿಯೇ ಹಿಂದೆ ಬೀಳುತ್ತಿತ್ತು. 1249 ಬಂದಾಗ ಮಾತ್ರ ಅವರು ಅರೆಕ್ಷಣ ತಡೆದರು. "ನೀನೇನಾ," ಎಂದು ಅದಕ್ಕೆ ಹೇಳಿ ಒತ್ತಿದರು. 1277, 1279 ಬಂದವು. ಕೊನೆಗೆ 1289, 1291.

"ಒಂದೇ ಸಾಲಲ್ಲಿ ಮೂರು ಜೊತೆ ಅವಳಿ! ಇಂಥಾ ಸಾಲನ್ನ ಬಿಟ್ಟುಬಿಟ್ರಲ್ಲೇ ನಿಮ್ಮ ಮಾವ," ಎಂದು ಅತ್ತೆ ನಕ್ಕರು. ಎರಡು ದಿನಗಳಲ್ಲಿ ಮೊದಲ ಸಲ.

"ನಾಳೆ ಏನಂತ ಹೇಳ್ತೀರಿ?"

"ನೋಡೋಣ. ಸೀರೆ ಮಡಿಕೆ ಬಿದ್ದಿದೆ, ಇಸ್ತ್ರಿ ಮಾಡಿಕೊಡು."

ಶುಕ್ರವಾರ ಗಣಿತದ ಕೋಣೆಯಲ್ಲಿ ಅರವತ್ತು ಮಕ್ಕಳು ನೆಲದ ಮೇಲೆ ಕುಳಿತಿದ್ದರು. ಅತ್ತೆ ರಟ್ಟನ್ನು ಹೆಡ್‌ಮಿಸ್ ಕೈಗೆ ಕೊಟ್ಟರು. ಸಂಖ್ಯೆಯ ಕೆಳಗೆ ಅವರ ದುಂಡನೆಯ ಅಕ್ಷರದಲ್ಲಿ '= 1249 × 1481' ಎಂದಿತ್ತು. ಹೆಡ್‌ಮಿಸ್ ಅದನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಅದನ್ನು ನೋಡಿದರು. ನನ್ನ ಐದು ಸಾಲುಗಳನ್ನೂ ನಾನು ಬದಲಾಯಿಸಿದ್ದೆ. ಎರಡೇ ಅವಿಭಾಜ್ಯಗಳ ಗುಣಲಬ್ಧ, ನಾಲ್ಕೇ ಅಪವರ್ತನಗಳು, ತನ್ನನ್ನು ಬಿಟ್ಟು ಉಳಿದವನ್ನು ಕೂಡಿದರೆ ಬರೀ 2731, ಆದ್ದರಿಂದ ನ್ಯೂನ, ಆ 2731 ಮಾತ್ರ ಅವಿಭಾಜ್ಯ, ಎರಡು ವರ್ಗಗಳ ಮೊತ್ತವಾಗಿ ಒಂದಲ್ಲ, ಎರಡು ರೀತಿ. ಎರಡನೆಯ ಜೋಡಿಯನ್ನು, 880 ಮತ್ತು 1037, ಅತ್ತೆಯೇ ಗುರುವಾರ ಸಂಜೆ ಕೂತು ಹುಡುಕಿದ್ದರು.

"ಇದು ಅವಿಭಾಜ್ಯ ಅಂತ ನಾನು ಹದಿನಾರು ವರ್ಷ ನಂಬಿದ್ದೆ," ಎಂದು ಅತ್ತೆ ಶುರುಮಾಡಿದರು. "ಅಲ್ಲ. ನಿಮ್ಮ ಹೆಡ್‌ಮಿಸ್ ಕಲಿತ ಮಗ್ಗಿ ಪುಸ್ತಕದ ಮೂವತ್ತೆಂಟನೇ ಪುಟದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಜೋಡಿಸಿದವರು ನಮ್ಮನೆಯವರು. ಸಾಲು ಬಿಡೋದು ಯಾರಿಗಾದರೂ ಆಗುತ್ತೆ, ಅದಕ್ಕೇ ಒಬ್ಬರು ಓದೋರು ಅಂತ ಇರ್ತಾರೆ. ಓದಬೇಕಾದೋಳು ನಾನು. ಓದಲಿಲ್ಲ. ಓದಿದೆ ಅಂತ ಸಹಿ ಹಾಕಿದೆ." ಕೈಚೀಲದಿಂದ ಪಟ್ಟಿಯನ್ನು ತೆಗೆದು ಎತ್ತಿ ಹಿಡಿದರು. "ಬಿಟ್ಟ ಸಾಲು ಇಲ್ಲಿದೆ. ಎಲ್ಲರೂ ಬರ್ಕೊಳ್ಳಿ."

ಮಕ್ಕಳು ಬರೆದುಕೊಂಡರು. ಮುಂದಿನ ಸಾಲಿನಲ್ಲಿದ್ದ, ಎರಡು ಜಡೆಯ ಹುಡುಗಿಯೊಬ್ಬಳು ಕೈಯೆತ್ತಿದಳು.

"ಹಾಗಾದ್ರೆ ಇದು ಮಾಮೂಲಿ ನಂಬರಾ ಅಜ್ಜಿ?"

"ಮಾಮೂಲೇ. ಬಾಗಿಲು ಎಲ್ಲಿದೆ ಅಂತ ಗೊತ್ತಾಗೋದು ಮಾತ್ರ ಕಷ್ಟ."

"ಆ ಪುಟ ಯಾಕೆ ಓದಲಿಲ್ಲ?"

"ಮಾತಾಡ್ತಿದ್ವಿ."

"ಏನು ಮಾತು?"

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಪುಟ ಮೂವತ್ತೆಂಟು, ಪೂರ್ಣವಿರಾಮ," ಎಂದರು. ಹೆಡ್‌ಮಿಸ್ ಮುಖ ತಿರುಗಿಸಿ ನಕ್ಕರು. ಮಕ್ಕಳಿಗೆ ಅರ್ಥವಾಗಲಿಲ್ಲ, ಆದರೂ ಹೆಡ್‌ಮಿಸ್ ನಕ್ಕರೆಂದು ಅವರೂ ನಕ್ಕರು. ರಟ್ಟನ್ನು ಬಾಗಿಲ ಮೇಲೆಯೇ ಹಾಕಿದರು.

ಮನೆಗೆ ಬಂದವರೇ ಅತ್ತೆ ಸೀರೆಯನ್ನೂ ಬದಲಾಯಿಸದೆ ಮಗ್ಗಿ ಪುಸ್ತಕ ತೆಗೆದರು. ಪಟ್ಟಿಯನ್ನು 1223ರ ಸಾಲಿನ ಕೆಳಗೆ, ಒಂದಂಚಿಗೆ ಮಾತ್ರ ಅಂಟು ಹಚ್ಚಿ ಕೂರಿಸಿದರು. ಗ್ರಂಥಾಲಯದ ಪುಸ್ತಕವೊಂದರಿಂದ ನಾನು ತಂದಿದ್ದ ಅವಿಭಾಜ್ಯಗಳ ಪೂರ್ತಿ ಪಟ್ಟಿಯನ್ನು ತಾವು ಹಿಡಿದು, ಪುಸ್ತಕವನ್ನು ನನ್ನ ಮುಂದೆ ತಳ್ಳಿದರು.

"ಬೆರಳಿಡು."

ಅವರು ಓದಿದರು, ನಾನು ಬೆರಳು ಸರಿಸಿದೆ. ಸಾವಿರದ ನೂರ ಐವತ್ತಮೂರು, ಅಲ್ಪವಿರಾಮ. ಸಾವಿರದ ನೂರ ಅರವತ್ತಮೂರು, ಅಲ್ಪವಿರಾಮ. ಅಂಟಿಸಿದ ಸಾಲಿಗೆ ಬಂದಾಗಲೂ ದನಿ ಬದಲಾಗಲಿಲ್ಲ. ಅಚ್ಚುಕೂಟದ ದನಿ, ಏರಿಳಿತವಿಲ್ಲದ್ದು. ಪುಟದಲ್ಲಿ ಬೇರೆ ತಪ್ಪಿರಲಿಲ್ಲ. ಒಂದು ಅಂಕಿಯೂ ತಲೆಕೆಳಗಾಗಿರಲಿಲ್ಲ. ಅದನ್ನು ಹೇಳಿದಾಗ ಅತ್ತೆ, "ಇರಲ್ಲ. ಅವರ ಕೈ," ಎಂದರು.

ಪುಟದ ಮೂಲೆಯಲ್ಲಿ 'ಓದಿದೆ' ಎಂದು ಬರೆದು ಸಹಿ ಹಾಕಿ, ಪೆನ್ನನ್ನು ನನಗೆ ಕೊಟ್ಟರು. ನಾನೂ ಸಹಿ ಹಾಕಿ, ತಾರೀಖು ಯಾವುದು ಹಾಕಲಿ, ಆವತ್ತಿನದೋ ಇವತ್ತಿನದೋ ಎಂದು ಕೇಳಿದೆ.

"ಇವತ್ತಿಂದೇ ಹಾಕು," ಎಂದರು ಅತ್ತೆ. "ಸುಳ್ಳು ಒಂದು ಸಲ ಸಾಕು."